ಹಳಗನ್ನಡ ಪಠ್ಯ ಮತ್ತು ಡಿಜಿಟಲ್ ಪ್ರಕಟಣೆ: ಪ್ರಕಾಶಕರಿಗೆ ಕೆಲವು ಮಾತುಗಳು

ಮಂಡ್ಯ, ಮದ್ದೂರು, ಮಳವಳ್ಳಿಗಳ ಪದವಿ ತರಗತಿಗಳಲ್ಲಿ ಕನ್ನಡ ಪಠ್ಯಪುಸ್ತಕವೆಂದರೆ ಇಂದು ಬಹುಮಟ್ಟಿಗೆ ಮೊಬೈಲಿನಲ್ಲಿ ತೆಗೆದ ಪುಟಗಳ ಚಿತ್ರ. ಒಬ್ಬರು ಕೊಂಡ ಪ್ರತಿ ವಾಟ್ಸಾಪಿನ ಮೂಲಕ ತರಗತಿಗೆಲ್ಲ ಹಂಚಿಕೆಯಾಗುತ್ತದೆ. ಪ್ರಕಾಶಕರು ಇದನ್ನು ಕಳ್ಳತನವೆನ್ನುತ್ತಾರೆ. ಕಾನೂನಿನ ದೃಷ್ಟಿಯಿಂದ ಆ ಮಾತು ಸುಳ್ಳಲ್ಲ. ಆದರೆ ಹಣ ಕೊಟ್ಟು ಪಡೆಯಬಹುದಾದ, ಪದ ಹುಡುಕಲು ಬರುವ ಡಿಜಿಟಲ್ ಪ್ರತಿಯನ್ನು ಅವರಲ್ಲಿ ಎಷ್ಟು ಮಂದಿ ಹೊರತಂದಿದ್ದಾರೆ?

ನಮ್ಮ ಪಠ್ಯಗಳು ಬಹುಕಾಲ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ, ಪೇಜ್‌ಮೇಕರಿನಲ್ಲಿ ಸಿದ್ಧವಾದವು. ಮುದ್ರಣಕ್ಕೆ ಅಷ್ಟು ಸಾಕಾಗಿತ್ತು. ಅದನ್ನೇ ಪಿಡಿಎಫ್ ಮಾಡಿದರೆ ಕಣ್ಣಿಗೇನೋ ಕನ್ನಡವೇ ಕಾಣುತ್ತದೆ. ಒಂದು ಸಾಲನ್ನು ನಕಲಿಸಿ ಬೇರೆಡೆ ಇಟ್ಟರೆ ಲ್ಯಾಟಿನ್ ಚಿಹ್ನೆಗಳ ರಾಶಿ ಬೀಳುತ್ತದೆ. ಅಲ್ಲಿ ಪದ ಹುಡುಕಲಾಗದು. ದೃಷ್ಟಿಹೀನ ವಿದ್ಯಾರ್ಥಿಯ ಫೋನು ಅದನ್ನು ಓದಿ ಹೇಳಲಾರದು. ಆದ್ದರಿಂದ ಆ್ಯಪು, ವಿಡಿಯೋಗಳಿಗೆ ಹಣ ಹೂಡುವ ಮೊದಲು ಪಠ್ಯವನ್ನು ಯೂನಿಕೋಡಿಗೆ ತರಬೇಕು.

ತರುವಾಗಲೇ ನಿಜವಾದ ಅಪಾಯವಿರುವುದು. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತು ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರದ ಅನಂತರ ದಾಖಲಾಗುತ್ತಿತ್ತು. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮದಂತೆ ರಕಾರ ಮೊದಲು ಬರಬೇಕು. ಪರಿವರ್ತಕ ಇಲ್ಲಿ ಎಡವಿದರೆ ತಪ್ಪು ಎದ್ದು ಕಾಣುತ್ತದೆ, ತಿದ್ದಬಹುದು. ಕಾಣದ ತಪ್ಪು ಹಳಗನ್ನಡದ್ದು. ಬೆರಳಚ್ಚಿನಲ್ಲಿ ಱ, ೞ ಸಿಗಲಿಲ್ಲವೆಂದು ರ, ಳ ಹಾಕಿಬಿಡುತ್ತಾರೆ. ಬಾೞ್ ಎಂದರೆ ಜೀವಿಸು, ಬಾಳ್ ಎಂದರೆ ಕತ್ತಿ; ಅಱಿ ಎಂದರೆ ತಿಳಿ, ಅರಿ ಎಂದರೆ ಕತ್ತರಿಸು. 13ನೆಯ ಶತಮಾನದ ಕೇಶಿರಾಜ ರಳ, ಕುಳ, ಕ್ಷಳಗಳೆಂದು ಬೇರ್ಪಡಿಸಿ ಕಾಪಾಡಲೆತ್ನಿಸಿದ ಭೇದವನ್ನು ಒಂದು ಕೀಲಿಮಣೆ ಅಳಿಸಿಹಾಕುತ್ತದೆ. (ಯೂನಿಕೋಡ್ ಪಟ್ಟಿಯಲ್ಲೂ ೞಕಾರಕ್ಕೆ ಮೊದಲು ‘ಎಫ್‌ಎ’ ಎಂಬ ತಪ್ಪು ಹೆಸರು ಬಿದ್ದಿತು. ಹೆಸರು ಬದಲಿಸುವ ಪದ್ಧತಿ ಅಲ್ಲಿಲ್ಲದ ಕಾರಣ ಸರಿಯಾದದ್ದನ್ನು ಉಪನಾಮವಾಗಿ ಸೇರಿಸಿದ್ದಾರೆ.)

ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲನ್ನೇ ನೋಡಿ. ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಯ ನೆನಪಿನ ಆ ಕಲ್ಲು ಸುಮಾರು ಕ್ರಿ.ಶ. 950ರದು, ತಕ್ಕೋಲದ ಯುದ್ಧದಲ್ಲಿ ಚೋೞ ರಾಜಾದಿತ್ಯ ಮಡಿದ ಸಂಗತಿಯೂ ಅದರಲ್ಲಿದೆ. ೞಕಾರವಿಲ್ಲದ ಡಿಜಿಟಲ್ ಪಾಠದಲ್ಲಿ ಸಂಶೋಧನಾರ್ಥಿ ‘ಚೋೞ’ ಎಂದು ಹುಡುಕಿದರೆ ಯಂತ್ರ ‘ಇಲ್ಲ’ ಎನ್ನುತ್ತದೆ. ಆತನೂ ಇಲ್ಲವೆಂದೇ ಗುರುತು ಹಾಕಿಕೊಳ್ಳುತ್ತಾನೆ. ಆ ‘ಇಲ್ಲ’ ಮುಂದೆ ಪ್ರಬಂಧವನ್ನು ಸೇರುತ್ತದೆ. ಮುದ್ರಣದೋಷವನ್ನು ಓದುಗ ಊಹೆಯಿಂದ ದಾಟಬಲ್ಲ. ಹುಡುಕಾಟದ ದೋಷ ಅವನ ಅರಿವಿಗೇ ಬರುವುದಿಲ್ಲ.

ಒಮ್ಮೆ ಒಬ್ಬ ಪ್ರಕಾಶಕರು ಪರಿವರ್ತಿತ ಕರಡನ್ನು ಕಳಿಸಿ, ‘ಸುಮ್ಮನೆ ಒಮ್ಮೆ ಕಣ್ಣಾಡಿಸಿ ಸಾರ್’ ಎಂದರು. ಕರಡು ತಿದ್ದುವುದು ಕಣ್ಣಾಡಿಸುವ ಕೆಲಸವಲ್ಲ. ಹಳಗನ್ನಡ ಬಲ್ಲವರಿಂದ ಮೂಲದೊಡನೆ ಅಕ್ಷರಶಃ ಹೋಲಿಸಿ ನೋಡಿಸಬೇಕು, ಅದಕ್ಕೆ ತಕ್ಕ ಸಂಭಾವನೆ ಕೊಡಬೇಕು. ಈ ಭಾಗದಲ್ಲಿ ಕೆಲಸವಿಲ್ಲದೆ ಕುಳಿತ ಕನ್ನಡ ಎಂ.ಎ. ಪದವೀಧರರಿಗೆ ಕೊರತೆಯಿಲ್ಲ. ವಚನಗಳ ಪಠ್ಯ ಹುಡುಕಾಟಕ್ಕೆ ಒದಗಿದಾಗ ಅಧ್ಯಯನಕ್ಕೆ ಎಷ್ಟು ಅನುಕೂಲವೆಂಬುದನ್ನು ‘ವಚನ ಸಂಚಯ’ ತೋರಿಸಿದೆ.

ಪರದೆಯ ಮೇಲೆ ಪುಟಸಂಖ್ಯೆ ನಿಲ್ಲುವುದಿಲ್ಲ. ಅಕ್ಷರ ಹಿಗ್ಗಿಸಿದರೆ ಪುಟವೇ ಬದಲಾಗುತ್ತದೆ. ಪದ್ಯಸಂಖ್ಯೆ, ಆಶ್ವಾಸ, ಶಾಸನಸಂಖ್ಯೆ, ಮೂಲ ಆವೃತ್ತಿಯ ಹೆಸರು ಇವನ್ನು ಪಠ್ಯದೊಳಗೇ ಉಳಿಸಬೇಕು. ಇಲ್ಲವಾದರೆ ಉಲ್ಲೇಖಿಸುವ ಬಗೆ ಹೇಗೆ?

ಕಡತ ಹಗುರವಾಗಿರಲಿ. ಇನ್ನೂರು ಪುಟಗಳ ಶುದ್ಧ ಯೂನಿಕೋಡ್ ಪಠ್ಯ ಸುಮಾರು 1 ಎಂಬಿ. ಅದೇ ಪುಟಗಳ ಚಿತ್ರ ಹತ್ತಾರು ಎಂಬಿ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ, ಪಕ್ಕದ ಹಳ್ಳಿಗಳಿಗಲ್ಲ. ಇಂದಿಗೂ ಅಲ್ಲಿನ ಹುಡುಗಿ ದಿನದ ಡೇಟಾ ಎಣಿಸಿಯೇ ಪಾಠ ತೆರೆಯುತ್ತಾಳೆ. ಇಡೀ ಪುಸ್ತಕದ ಬದಲು ಘಟಕವಾರು ಕಡತಗಳನ್ನು ಕಡಿಮೆ ಬೆಲೆಗೆ ಕೊಟ್ಟರೆ ಕೊಳ್ಳುವವರಿದ್ದಾರೆ.

ಕೊನೆಯದು ಹಕ್ಕಿನ ವಿಚಾರ. ಲೇಖಕರು ತೀರಿಕೊಂಡ 60 ವರ್ಷಗಳವರೆಗೆ ಕೃತಿಸ್ವಾಮ್ಯವಿರುತ್ತದೆ. ಇದೇ ಜಿಲ್ಲೆಯ ಪು.ತಿ.ನ. 1998ರಲ್ಲಿ, ಕೆ.ಎಸ್. ನರಸಿಂಹಸ್ವಾಮಿ 2003ರಲ್ಲಿ ನಿಧನರಾದರು. ಅವರ ಕವಿತೆಯನ್ನು ಮುದ್ರಿಸಲು ಪಡೆದ ಅನುಮತಿ ಮೊಬೈಲ್ ಆವೃತ್ತಿಗೂ ಧ್ವನಿ ರೂಪಕ್ಕೂ ತಾನಾಗಿ ಅನ್ವಯಿಸುತ್ತದೆಂದು ಭಾವಿಸಬಾರದು. ಹಕ್ಕುದಾರರೊಡನೆ ಮಾಡುವ ಒಪ್ಪಂದದಲ್ಲಿ ಇವೆರಡನ್ನೂ ಬೇರೆಯಾಗಿ ಬರೆಸಿಕೊಳ್ಳುವುದು ಲೇಸು.