ನೂರು ವ್ಯಾಟಿನ ಹುಚ್ಚು

ಮೊದಲು ಸ್ಪೀಕರ್ ಬದಲಾಯಿತು. ಹೊಸ ಸ್ಪೀಕರಿಗೆ ಹಳೆಯ ಆಂಪ್ಲಿಫಯರ್ ಸಾಲದು ಅನ್ನಿಸಿತು. 50 ವ್ಯಾಟಿನದು ಹೋಗಿ 100ರದು ಬಂತು. ಆಮೇಲೆ ಡಿಜಿಟಲ್ ಸಂಕೇತವನ್ನು ಅನಲಾಗ್ ಮಾಡಿಕೊಡುವ ಡ್ಯಾಕ್, ಅದಕ್ಕೊಪ್ಪುವ ಕೇಬಲ್ಲು, ಸ್ಟ್ಯಾಂಡು. ಒಂದೊಂದು ಬಂದಾಗಲೂ ‘ಇದೇ ಕೊನೆ’ ಎಂದು ಹೆಂಡತಿಗೆ ಹೇಳುತ್ತಿದ್ದೆ. ಅವಳು ನಂಬಿದಂತೆ ಮಾಡುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಲೆಕ್ಕ ಗೊತ್ತಿರಲಿಲ್ಲವೆಂದಲ್ಲ, ನಾನು ಓದಿದ್ದೇ ಎಲೆಕ್ಟ್ರಾನಿಕ್ಸ್. ವ್ಯಾಟ್ ಇಮ್ಮಡಿಯಾದರೆ ಹೆಚ್ಚುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿ ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ಪಕ್ಕದ ಮನೆಯವರಿಗೆ ಅಂಜಿಕೊಂಡು ಕೇಳುವ ನಮ್ಮ ಹಾಲಿಗೆ ಒಂದೆರಡು ವ್ಯಾಟ್ ಧಾರಾಳ. ಮಿಕ್ಕ 98 ನನ್ನ ಒಣಜಂಬಕ್ಕೆ.

ಆಗ ಧಾರವಾಡದಿಂದ ಕಾಕಾ ಬಂದರು. ಮಲ್ಲಿಕಾರ್ಜುನ ಮನ್ಸೂರರನ್ನು ಎದುರು ಕೂತು ಕೇಳಿದವರು. 1992ರಲ್ಲಿ ಮನ್ಸೂರರು ತೀರಿಕೊಂಡ ಮೇಲೆ ಕ್ಯಾಸೆಟ್ಟು, ಆಕಾಶವಾಣಿಗಳಲ್ಲೇ ತೃಪ್ತಿಪಟ್ಟವರು. ಅಂಥವರನ್ನು ಎರಡು ಸ್ಪೀಕರುಗಳ ಎದುರು, ಟೇಪು ಹಿಡಿದು ಅಳೆದ ಜಾಗದಲ್ಲಿ ಕೂರಿಸಿ, ತಲೆ ಅಲ್ಲಾಡಿಸಬೇಡಿ ಎಂದೂ ಹೇಳಿದೆ. ಮನ್ಸೂರರ ಹಾಡಿಗೆ ತಲೆ ಅಲ್ಲಾಡಿಸಬಾರದಂತೆ!

“ಕಾಕಾ, ಉಸಿರು ತಗೊಂಡಿದ್ದು ಕೇಳಿಸ್ತೇನ್ರಿ?” ಎಂದು ತಡೆದೆ. ಹಿಂದಕ್ಕೆ ಒಯ್ದು ಮತ್ತೆ ಹಚ್ಚಿದೆ. ಕೇಬಲ್ ಬದಲಿಸಿ ಅದೇ ತುಣುಕು ಇನ್ನೊಮ್ಮೆ. ರಾಗ ಬಿಚ್ಚಿಕೊಳ್ಳುತ್ತಿದೆ ಅನ್ನುವಾಗೆಲ್ಲ ನನ್ನ ಬೆರಳು ರಿಮೋಟಿನ ಮೇಲೆ. ಕಾಕಾ ಸಹಿಸಿ ಸಹಿಸಿ ಕಡೆಗೆ ಅಂದರು: “ಅವರನ್ನ ಹಾಡಾಕ ಬಿಡೋ ತಮ್ಮಾ. ನಡುನಡುವ ನೀ ಯಾಕ ಬಾಯಿ ಹಾಕ್ತಿ?”

ಎದ್ದು ಅಡುಗೆಮನೆಗೆ ಹೋದರು. ನನ್ನ ಹೆಂಡತಿಯ ಫೋನಿನಲ್ಲಿ ಅದೇ ರಾಗ ಹಚ್ಚಿಸಿಕೊಂಡು, ಅವಲಕ್ಕಿ ತಿನ್ನುತ್ತ ಕೊನೆಯತನಕ ಕೇಳಿದರು. ಆ ಫೋನಿನ ಸ್ಪೀಕರು ಬೆರಳುಗುರಿನಷ್ಟಿದ್ದೀತು. ಅಲ್ಲಿಂದ “ವ್ಹಾ!” ಕೇಳಿಬಂತು. ನಾನು ಅಳೆದ ಜಾಗದಲ್ಲಿ ಒಬ್ಬನೇ ಕೂತಿದ್ದೆ.

ನನಗೆ ಯಾವ ರಾಗವೂ ಪೂರ್ತಿ ನೆನಪಿಲ್ಲ ಎಂಬುದು ಆಮೇಲೆ ಹೊಳೆಯಿತು. ತುಣುಕುಗಳು ಬಾಯಿಪಾಠ. ಧ್ವನಿಮುದ್ರಣದಲ್ಲಿ ಇಲ್ಲದ್ದನ್ನು ಯಾವ ಯಂತ್ರವೂ ತಂದುಕೊಡುವುದಿಲ್ಲ. ಯಂತ್ರ ಚೊಕ್ಕವಾದಷ್ಟೂ ಹಳೆಯ ಟೇಪಿನ ಬುಸ್ಸೆನ್ನುವ ಸದ್ದೂ ಚೊಕ್ಕವಾಗಿ ಕೇಳುತ್ತದೆ. ಚಿಕ್ಕವಯಸ್ಸಿನಲ್ಲಿ 20,000 ಹರ್ಟ್ಜ್ ತನಕ ಮುಟ್ಟುವ ಕಿವಿ ಐವತ್ತು ದಾಟಿದ ಮೇಲೆ ಅದರ ಎಷ್ಟೋ ಕೆಳಗೇ ನಿಂತುಬಿಡುತ್ತದೆ. ಅಂಥ ಕಿವಿಯವನು ಕೊಂಡದ್ದು 40,000ಕ್ಕೆ ಹೋಗುವ ಟ್ವೀಟರ್! ನಾಯಿ ಸಾಕಿದ್ದರೆ ಅದಾದರೂ ಕೇಳೀತು ಅನ್ನೋಣವೆಂದರೆ, ಸಿ.ಡಿ.ಯಲ್ಲಿ ಸುಮಾರು 22,000ದಿಂದಾಚೆ ಏನೂ ಇರುವುದೇ ಇಲ್ಲ.

ಕೊರತೆಯಿದ್ದದ್ದು ಕೋಣೆಯಲ್ಲಿ. ನುಣ್ಣನೆಯ ಟೈಲ್ಸು, ಬರಿಗೋಡೆ, ಮೂಲೆಗೆ ತಳ್ಳಿದ ಸ್ಪೀಕರು. ಸದ್ದು ಪುಟಿದೂ ಪುಟಿದೂ ಗುಂಯ್‌ಗುಡುತ್ತಿತ್ತು. ಕಾಕಾ ತಂದುಕೊಟ್ಟಿದ್ದ ನವಲಗುಂದದ ಜಮಖಾನೆಯನ್ನು ಹೆಂಡತಿ ನೆಲಕ್ಕೆ ಹಾಸಿದಳು, ಕಿಟಕಿಗೆ ದಪ್ಪ ಪರದೆ ಬಿಟ್ಟಳು. ನಾನು ಸ್ಪೀಕರುಗಳನ್ನು ಮೂಲೆಯಿಂದ ಈಚೆಗೆಳೆದೆ. ಯಾವ ಕೇಬಲ್ಲೂ ಅಷ್ಟು ಮಾಡಿರಲಿಲ್ಲ.

ಆಂಪ್ಲಿಫಯರನ್ನು ಮಾರಿಲ್ಲ. ಈಗ ಅದಕ್ಕೆಷ್ಟು ಸಿಗುತ್ತದೆ ಎಂದು ವಿಚಾರಿಸಿದರೆ, ಆಗ ಎಷ್ಟು ಕೊಟ್ಟಿದ್ದೆ ಎಂಬುದನ್ನೂ ಹೆಂಡತಿಗೆ ಹೇಳಬೇಕಾಗುತ್ತದೆ.