ಬೆಳಕಿನ ಪಕ್ಕದ ಕತ್ತಲೆ

2024ರ ಮೇ 10ರ ರಾತ್ರಿ ಕೊಪ್ಪದ ನಮ್ಮ ಕಬ್ಬಿನ ಗದ್ದೆಯಲ್ಲಿ ಅಬ್ಬನ ಜೊತೆ ನೀರು ಹಾಯಿಸುತ್ತಿದ್ದೆ. ಆ ಬೇಸಿಗೆಯಲ್ಲಿ ಬೋರ್‌ವೆಲ್ಲೇ ಗತಿ, ಕರೆಂಟು ಬರುತ್ತಿದ್ದುದು ರಾತ್ರಿ. ಅದೇ ರಾತ್ರಿ ಲಡಾಖ್‌ನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಆಕಾಶದಲ್ಲಿ ಕೆಂಪು ಧ್ರುವಪ್ರಭೆಯನ್ನು ಸೆರೆಹಿಡಿದವು. ಆಮೇಲೆ ಮೊಬೈಲಿನಲ್ಲಿ ಚಿತ್ರ ನೋಡಿ ಹೊಟ್ಟೆ ಉರಿಯಿತು. ನಾನೂ ಎಚ್ಚರವಾಗಿಯೇ ಇದ್ದೆ, ಕಂಡದ್ದು ಮಾತ್ರ ಬರೀ ಕತ್ತಲೆ.

ಆಗ ಪ್ರಥಮ ಪಿಯುಸಿ ಮುಗಿದಿತ್ತು. ಭೌತಶಾಸ್ತ್ರದಲ್ಲಿ ಹೇಗೋ ಪಾಸಾಗಿದ್ದೆ. ವಿಜ್ಞಾನ ಬಿಟ್ಟುಬಿಡಬೇಕೆಂದು ಮನಸ್ಸಿನಲ್ಲಿತ್ತು. ಅಬ್ಬನಿಗೆ ಹೇಳುವ ಧೈರ್ಯವಿರಲಿಲ್ಲ.

ದ್ವಿತೀಯ ವರ್ಷದ ಕಿರುಪರೀಕ್ಷೆಯಲ್ಲಿ ಒಂದು ಲೆಕ್ಕ ಬಂತು: ವಿದ್ಯುತ್ ಕ್ಷೇತ್ರವನ್ನು ಕಾಂತಕ್ಷೇತ್ರದಿಂದ ಭಾಗಿಸಿದರೆ ಕಣದ ವೇಗ. ಅದನ್ನು ಬಿಟ್ಟುಬಂದೆ. ಉತ್ತರಪತ್ರಿಕೆ ಕೊಡುವಾಗ ಮೇಡಂ ಬಳಿ ಕೇಳಿದೆ: "ಮೇಡಂ, ಧ್ರುವಪ್ರಭೆ ರೇಡಾರ್‌ಗೆ ಕಾಣುತ್ತದೆಯೇ?"

"ರೇಡಾರ್ ಆ ಬೆಳಕನ್ನು ನೋಡುವುದೇ ಇಲ್ಲ. ನೀನು ಬಿಟ್ಟುಬಂದ ಲೆಕ್ಕದಲ್ಲೇ ಉತ್ತರವಿದೆ" ಎಂದರು.

ನೆಲದಿಂದ ಸುಮಾರು 100 ಕಿ.ಮೀ. ಮೇಲೆ ಅಯಾನುಗಳು ಗಾಳಿಯ ಕಣಗಳಿಗೆ ಡಿಕ್ಕಿ ಹೊಡೆದು ಹಿಂದೆ ಉಳಿಯುತ್ತವೆ. ಹಗುರವಾದ ಎಲೆಕ್ಟ್ರಾನ್‌ಗಳು ಮುಂದೆ ಓಡುತ್ತವೆ. ಮೀಟರಿಗೆ 0.02 ವೋಲ್ಟ್ ಕ್ಷೇತ್ರವನ್ನು 0.00005 ಟೆಸ್ಲಾದಿಂದ ಭಾಗಿಸಿದರೆ ಸೆಕೆಂಡಿಗೆ 400 ಮೀಟರ್. ಈ ವೇಗ ಅಲ್ಲಿನ ಅಯಾನು-ಶಬ್ದದ ವೇಗವನ್ನು ಮೀರಿದರೆ ಪ್ಲಾಸ್ಮಾದಲ್ಲಿ ಸಣ್ಣ ಅಲೆಗಳು ಏಳುತ್ತವೆ. ಫಾರ್ಲಿ ಮತ್ತು ಬುನೆಮನ್ 1963ರಲ್ಲಿ ಇದನ್ನು ವಿವರಿಸಿದರು. 50 ಮೆಗಾಹರ್ಟ್ಸ್ ರೇಡಾರಿನ ತರಂಗದೂರ 6 ಮೀಟರ್. ಅದು 3 ಮೀಟರಿನ ಅಲೆಗಳಿಂದ ಪ್ರತಿಧ್ವನಿ ಪಡೆಯುತ್ತದೆ. ಕೇರಳದ ತುಂಬಾ ಕಾಂತ ಸಮಭಾಜಕದ ಬಳಿ ಇರುವುದರಿಂದ ಅಲ್ಲಿನ ಆಕಾಶದಲ್ಲೂ ಇಂಥ ಅಲೆಗಳು ಏಳುತ್ತವೆ.

ನನಗೆ ಹಿಡಿಸಿದ್ದು ಕೊನೆಯ ಮಾತು. ಪ್ರಭೆ ಪ್ರಖರವಾಗಿರುವಲ್ಲಿ ಎಲೆಕ್ಟ್ರಾನ್‌ಗಳು ದಟ್ಟವಾಗಿ, ವಿದ್ಯುತ್ ಸಲೀಸಾಗಿ ಹರಿದು, ಕ್ಷೇತ್ರ ಕುಗ್ಗುತ್ತದೆ. ಆದ್ದರಿಂದ ಬಲವಾದ ಪ್ರತಿಧ್ವನಿ ಎಷ್ಟೋ ಸಲ ಬೆಳಕಿನ ಪಟ್ಟಿಯಿಂದಲ್ಲ, ಅದರ ಪಕ್ಕದ ಕತ್ತಲೆಯಿಂದ ಬರುತ್ತದೆ.

ಆ ಸಂಜೆ ಲೆಕ್ಕ ಮತ್ತೆ ಮಾಡಿದೆ. 400 ಬಂತು. ರಾತ್ರಿ ಗದ್ದೆಯಲ್ಲಿ ಅಬ್ಬನಿಗೆ ಎಲ್ಲ ಹೇಳಿದೆ, ವಿಜ್ಞಾನ ಬಿಡಬೇಕೆಂದಿದ್ದುದನ್ನೂ. ಮೇ ತಿಂಗಳ ಆ ರಾತ್ರಿ ನಮ್ಮೂರಿನ ಕಾಂತಕ್ಷೇತ್ರವೂ ಕದಲಿತ್ತು ಎಂದೆ.

ಅಬ್ಬ ಗುದ್ದಲಿ ಊರಿಕೊಂಡು ಮೇಲೆ ನೋಡಿದರು. "ಹಂಗಾದ್ರೆ ಅವತ್ತು ನಾವೂ ಅದರೊಳಗೇ ಇದ್ವಿ ಅನ್ನು. ಓದು ಮಗ, ನೀರು ನಾನು ಕಟ್ತೀನಿ" ಎಂದರು.