ಗುಂಡಿಯಿಲ್ಲದ ಗಾಡಿ

ಕಳೆದ ವರ್ಷ ನಮ್ಮ ಮನೆಗೆ ಹೊಸ ಕಾರು ಬಂತು. ಹದಿನಾರು ವರ್ಷ ಓಡಿಸಿದ ಹಳೆಯ ಗಾಡಿಯನ್ನು ಕೊಟ್ಟು, ಮೇಲೆ ಕೂಡಿಟ್ಟ ಹಣ ಸೇರಿಸಿ ತಂದದ್ದು. ಇಳಕಲ್ಲಿನಂಥ ಊರಿನಲ್ಲಿ ಹೊಸ ಗಾಡಿ ಬಂದರೆ ಅದು ಒಂದು ಮನೆಗೆ ಬಂದಂತಲ್ಲ, ಇಡೀ ಓಣಿಗೆ ಬಂದಂತೆ. ಪಕ್ಕದ ಮನೆಯ ಅಜ್ಜಿ ನಾಲ್ಕು ಲಿಂಬೆಹಣ್ಣು ತಂದು ನಾಲ್ಕೂ ಗಾಲಿಗಳ ಕೆಳಗಿಟ್ಟರು. ನಮ್ಮ ಅಮ್ಮೀ ದುವಾ ಓದಿ ಸ್ಟಿಯರಿಂಗ್ ಮೇಲೆ ಊದಿದರು. ಎರಡೂ ಕಡೆಯ ರಕ್ಷಣೆ ಸಿಕ್ಕ ಧೈರ್ಯದಲ್ಲಿ ನಾನು ಒಳಗೆ ಕೂತೆ. ಎದುರಿಗೆ ಕರಿ ಸ್ಲೇಟಿನಂಥ ಒಂದು ಗಾಜು. ಅದರ ಸುತ್ತ ಎಲ್ಲಿಯೂ ಒಂದು ಗುಂಡಿ ಇಲ್ಲ, ತಿರುಗಿಸುವ ಒಂದು ಬಿರಡೆ ಇಲ್ಲ.

ಗಾಡಿ ಒಪ್ಪಿಸುವ ದಿನ ಅಂಗಡಿಯ ಹುಡುಗ ನನಗೆ ಅರ್ಧ ಗಂಟೆ ಪಾಠ ಮಾಡಿದ್ದ. ಅವನ ಬೆರಳು ಆ ಗಾಜಿನ ಮೇಲೆ ನೀರಿನ ಮೇಲೆ ಜಾರುವ ಹುಳದಂತೆ ಓಡುತ್ತಿತ್ತು. “ಇಲ್ಲಿ ಎಸಿ ಸರ್, ಇಲ್ಲಿ ಮ್ಯೂಸಿಕ್, ಇಲ್ಲಿ ಸ್ವೈಪ್ ಮಾಡಿದ್ರ ಮ್ಯಾಪ್, ಉಳಿದದ್ದು ಸೆಟ್ಟಿಂಗ್ಸ್‌ನ್ಯಾಗ ಅದಾವ.” ಆ ‘ಉಳಿದದ್ದು’ ಎಂಬುದರಲ್ಲಿ ಏನೇನಿದೆ ಎಂದು ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು.

ನಾನು ನಾಲ್ಕನೆಯ ಇಯತ್ತೆಯವರೆಗೆ ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವನು. ಬಲದಿಂದ ಎಡಕ್ಕೆ ಓದುವುದನ್ನು ಕಲಿತು, ಅದು ಕೈಗೆ ಹತ್ತುವಷ್ಟರಲ್ಲಿ ಎಡದಿಂದ ಬಲಕ್ಕೆ ಓದುವುದನ್ನು ಕಲಿತೆ. ಇಂದಿಗೂ ಪುಸ್ತಕ ಕೈಗೆ ಬಂದರೆ ಒಂದು ಗಳಿಗೆ ಬೆರಳು ಯಾವ ಕಡೆಯಿಂದ ಹಾಳೆ ತಿರುವಲಿ ಎಂದು ಕೇಳುತ್ತದೆ. ಈ ಪರದೆಯ ಮುಂದೆ ನಾನು ಮೂರನೆಯ ಸಲ ಒಂದನೇ ಇಯತ್ತೆಗೆ ಸೇರಿದೆ. ಅಲ್ಲಿರುವುದು ಅಕ್ಷರವಲ್ಲ, ಚಿತ್ರ. ಬಾಗಿದ ಮೂರು ಬಾಣಗಳು, ಅಲೆಯಂಥ ಗೆರೆಗಳು, ಕುರ್ಚಿಯ ಮೇಲೊಂದು ಗಾಳಿಪಂಕ. ಉರ್ದುವಿನಲ್ಲಿ ಜೇರ್, ಜಬರ್ ಹಾಕದೆ ಬರೆದದ್ದನ್ನೂ ನಾವು ಓದಿಕೊಳ್ಳುತ್ತೇವೆ. ಹಿಂದಿನ ಮುಂದಿನ ಮಾತು ನೋಡಿ ಇದು ಇಂಥ ಶಬ್ದವೇ ಇರಬೇಕೆಂದು ಊಹಿಸುತ್ತೇವೆ. ಪುಸ್ತಕದ ಮುಂದೆ ಹಾಗೆ ಯೋಚಿಸುತ್ತ ಕೂಡಲು ವೇಳೆಯಿರುತ್ತದೆ. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಯಾವ ವೇಳೆ? ಆ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಚಿತ್ರ ಹುಡುಕಲು ಮೂರು ಸೆಕೆಂಡು ಕಣ್ಣು ತಗ್ಗಿಸಿದರೆ 66 ಮೀಟರ್ ಕುರುಡು ಪ್ರಯಾಣ. ನಮ್ಮ ಭಾಗದ ರಸ್ತೆಯಲ್ಲಿ ಅಷ್ಟರೊಳಗೆ ಒಂದು ಕುರಿಹಿಂಡು ಅಡ್ಡ ಬರಬಹುದು, ಹಿಂದಿನ ದೀಪವಿಲ್ಲದ ಒಂದು ಕಬ್ಬಿನ ಟ್ರ್ಯಾಕ್ಟರ್ ಎದುರಾಗಬಹುದು.

ಆಗಸ್ಟ್ ತಿಂಗಳ ಒಂದು ದಿನ ಮಾಮು ಜೊತೆಗೆ ರಾಮಥಾಳಕ್ಕೆ ಹೊರಟಿದ್ದೆ. ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದ ಗೆಳೆಯನ ಹೊಲ ಅಲ್ಲಿದೆ. ಹೆಸರಿನ ರಾಶಿ ಆಗಿದೆ, ಬಂದು ಚೀಲ ಒಯ್ಯಿರಿ ಎಂದಿದ್ದ. ಮಾಮುಗೆ ಈಗ ಎಪ್ಪತ್ತೆರಡು. ಮೂವತ್ತೈದು ವರ್ಷ ಲಾರಿ ಓಡಿಸಿದವರು. ಇಳಕಲ್ಲಿನ ಕೆಂಪು ಗ್ರಾನೈಟಿನ ದಿಮ್ಮಿಗಳನ್ನು ಹೇರಿಕೊಂಡು ಘಟ್ಟ ಇಳಿದವರು. ಹೆದ್ದಾರಿ 50ರಲ್ಲಿ ಹುನಗುಂದದ ಕಡೆ ಹೋಗುವಾಗ ಮಳೆ ಹಿಡಿಯಿತು. ವೈಪರ್ ಸರಿಯಿತ್ತು, ಪುಣ್ಯಕ್ಕೆ ಅದಕ್ಕೆ ಕಡ್ಡಿ ಇದೆ. ಆದರೆ ಗಾಜು ಒಳಗಿನಿಂದ ಮಬ್ಬಾಗತೊಡಗಿತು. ಹಳೆಯ ಗಾಡಿಯಲ್ಲಿ ಆ ಬಿರಡೆ ಎಲ್ಲಿದೆಯೆಂದು ನನ್ನ ಎಡಗೈಗೆ ಗೊತ್ತಿತ್ತು, ನನಗೆ ಗೊತ್ತಿರಬೇಕಾದ ಅಗತ್ಯವೇ ಇರಲಿಲ್ಲ. ಹೊಸದರಲ್ಲಿ ಅದು ಎಸಿಯ ಚಿತ್ರದ ಒಳಗಿನ ಇನ್ನೊಂದು ಪುಟದಲ್ಲಿತ್ತು. ಗಾಡಿಯನ್ನು ಬದಿಗೆ ಹಾಕಿ, ನಾಲ್ಕೂ ದೀಪ ಮಿನುಗಿಸಿ, ಹುಡುಕಲು ಕೂತೆ.

“ನಾವು ಮಳ್ಯಾಗ ಗಾಜಿಗೆ ತಂಬಾಕ ತಿಕ್ಕತಿದ್ವಿ ಬೇಟಾ,” ಎಂದರು ಮಾಮು. “ವೈಪರ್ ಕೆಟ್ಟರೂ ಹೊರಗಿನ ನೀರು ನಿಲ್ತಿರಲಿಲ್ಲ.” ಎನ್ನುತ್ತಲೇ ಹೆಗಲ ಮೇಲಿನ ಟವಲ್ಲಿನಿಂದ ಒಳಗಿನ ಗಾಜು ಒರೆಸಿದರು. ಆಮೇಲೆ, “ತಡಿ, ನಾನೂ ನೋಡ್ತೀನಿ” ಎಂದು ಪರದೆಯ ಮೇಲೆ ಬೆರಳಿಟ್ಟರು. ಏನೂ ಆಗಲಿಲ್ಲ. ಒತ್ತಿದರು. ಮತ್ತೆ ಒತ್ತಿದರು. ನಾನು ಮುಟ್ಟಿದರೆ ತೆರೆಯುವ ಚಿತ್ರ ಅವರು ಮುಟ್ಟಿದರೆ ಸುಮ್ಮನಿತ್ತು. ಬೆರಳನ್ನು ಕಣ್ಣ ಹತ್ತಿರ ಹಿಡಿದು ನೋಡಿಕೊಂಡು, “ಸತ್ತಾವೇನೋ ನನ್ನ ಬೆರಳು?” ಎಂದರು. ನಗುತ್ತಲೇ ಕೇಳಿದ್ದು. ಆದರೆ ರಾಮಥಾಳ ಮುಟ್ಟುವವರೆಗೆ ಮತ್ತೆ ಮಾತಾಡಲಿಲ್ಲ.

ಅವರ ಬೆರಳು ಸತ್ತಿಲ್ಲ. ಆ ಗಾಜು ಗುರುತಿಸುವುದು ಒತ್ತಡವನ್ನಲ್ಲ. ಅದರ ಮೇಲೆ ಕಣ್ಣಿಗೆ ಕಾಣದ ಒಂದು ವಿದ್ಯುತ್ ಕ್ಷೇತ್ರವಿರುತ್ತದೆ. ಮನುಷ್ಯನ ದೇಹ ವಿದ್ಯುತ್ತನ್ನು ಒಯ್ಯುವುದರಿಂದ ಬೆರಳು ತಗುಲಿದ ಕಡೆ ಆ ಕ್ಷೇತ್ರದಲ್ಲಿ ಸ್ವಲ್ಪ ಬದಲಾವಣೆಯಾಗುತ್ತದೆ, ಯಂತ್ರ ಅದನ್ನು ಓದುತ್ತದೆ. ಚರ್ಮ ಒಣಗಿ, ಜಡ್ಡುಗಟ್ಟಿ ದಪ್ಪಗಾಗಿದ್ದರೆ ಆ ಬದಲಾವಣೆ ತೀರ ಕ್ಷೀಣವಾಗುತ್ತದೆ. ಮೂವತ್ತೈದು ವರ್ಷ ಸ್ಟಿಯರಿಂಗ್, ಜ್ಯಾಕು, ಹಗ್ಗ ಹಿಡಿದ ಕೈ ಅದರ ಲೆಕ್ಕಕ್ಕೆ ಬೆರಳೇ ಅಲ್ಲ. ಇದು ಹೊಸ ಸಂಗತಿಯೂ ಅಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟಿನ ಯಂತ್ರ ಬಂದಾಗ ಕಲ್ಲು ಒಡೆಯುವವರದು, ಮುಸುರೆ ತಿಕ್ಕುವ ಹೆಂಗಸರದು ಬೆರಳಿನ ಗೆರೆ ಸವೆದು ಹೊಂದಾಣಿಕೆಯಾಗದೆ ಎಷ್ಟೋ ಜನ ಸಾಲಿನಿಂದ ಹೊರಗೆ ನಿಂತದ್ದುಂಟು. ಎಲ್ಲರಿಗಿಂತ ಹೆಚ್ಚು ದುಡಿದ ಕೈಯನ್ನೇ ಯಂತ್ರ ಗುರುತಿಸುವುದಿಲ್ಲ ಎಂದರೆ ತಪ್ಪು ಕೈಯದ್ದಾಗಲು ಸಾಧ್ಯವಿಲ್ಲ.

ಕಾರಿನಲ್ಲಿ ಪರದೆ ಬಂದದ್ದು ನಿನ್ನೆ ಮೊನ್ನೆಯಲ್ಲ. ಅಮೆರಿಕದ ಬ್ಯೂಕ್ ರಿವಿಯೆರಾ ಕಾರಿನಲ್ಲಿ 1986ರಲ್ಲೇ ಮುಟ್ಟುವ ಪರದೆ ಇತ್ತು. ಟೆಸ್ಲಾ 2012ರಲ್ಲಿ ಮಾಡೆಲ್ ಎಸ್ ಕಾರಿಗೆ 17 ಇಂಚಿನ ಪರದೆ ಕೂಡಿಸಿದ ಮೇಲೆ ಉಳಿದವರೆಲ್ಲ ಅದೇ ದಾರಿ ಹಿಡಿದರು. ಕಾರಣ ಅಂದ ಮಾತ್ರವಲ್ಲ. ಒಂದೊಂದು ಗುಂಡಿಗೆ ಒಂದೊಂದು ಅಚ್ಚು, ಒಂದೊಂದು ತಂತಿ ಬೇಕು. ಪರದೆಯಾದರೆ ಒಂದೇ ಗಾಜಿನಲ್ಲಿ ನೂರು ಗುಂಡಿ ಬರೆಯಬಹುದು, ಮಾರಿದ ಮೇಲೆಯೂ ಬದಲಾಯಿಸಬಹುದು. ಮಾಡುವವನ ಖರ್ಚು ಉಳಿಯಿತು. ಆ ಉಳಿತಾಯವನ್ನು ಈಗ ಓಡಿಸುವವನ ಕಣ್ಣು ತುಂಬಿಕೊಡುತ್ತಿದೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಸ್ವೀಡನ್ನಿನ ‘ವಿ ಬಿಲೆಗಾರೆ’ ಎಂಬ ಕಾರು ಪತ್ರಿಕೆ 2022ರಲ್ಲಿ ಹನ್ನೊಂದು ಹೊಸ ಕಾರುಗಳ ಜೊತೆಗೆ 2005ರ ಒಂದು ಹಳೆಯ ವೋಲ್ವೋ ಕಾರನ್ನು ಓಡಿಸಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ರೇಡಿಯೋ ಕೇಂದ್ರ ಬದಲಿಸುವಂಥ ನಾಲ್ಕು ಸಣ್ಣ ಕೆಲಸ ಮಾಡಬೇಕು. ಗುಂಡಿಗಳಿದ್ದ ಹಳೆಯ ವೋಲ್ವೋದಲ್ಲಿ ಎಲ್ಲ 10 ಸೆಕೆಂಡಿನಲ್ಲಿ, 306 ಮೀಟರಿನೊಳಗೆ ಮುಗಿದವು. ಎಲ್ಲಕ್ಕಿಂತ ಹಿಂದುಳಿದ ಹೊಸ ಕಾರಿನಲ್ಲಿ 44.6 ಸೆಕೆಂಡು ಹಿಡಿಯಿತು, ಅಷ್ಟರಲ್ಲಿ ಗಾಡಿ 1,300 ಮೀಟರಿಗೂ ಹೆಚ್ಚು ದೂರ ಹೋಗಿತ್ತು. ಜರ್ಮನಿಯಲ್ಲಿ ಒಬ್ಬ ಚಾಲಕ ಮಳೆಯಲ್ಲಿ ಪರದೆಯ ಮೇಲೆ ವೈಪರಿನ ವೇಗ ಬದಲಿಸಲು ಹೋಗಿ ರಸ್ತೆ ಬಿಟ್ಟು ಮರಕ್ಕೆ ಗುದ್ದಿದ. 2020ರಲ್ಲಿ ಕಾರ್ಲ್ಸ್‌ರೂಹೆಯ ನ್ಯಾಯಾಲಯ ಅವನ ದಂಡವನ್ನು ಎತ್ತಿಹಿಡಿಯಿತು. ಕಾರು ಮಾಡಿದವರೇ ವೈಪರನ್ನು ಅಲ್ಲಿಟ್ಟಿದ್ದರೂ ದಂಡ ತೆತ್ತವನು ಓಡಿಸಿದವನು.

ಸಮುದ್ರದಲ್ಲೂ ಇದೇ ಕಥೆ. 2017ರ ಆಗಸ್ಟಿನಲ್ಲಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಸಿಂಗಾಪುರದ ಬಳಿ ಒಂದು ತೈಲದ ಹಡಗಿಗೆ ಡಿಕ್ಕಿಯಾಗಿ 10 ನಾವಿಕರು ಸತ್ತರು. ತರಬೇತಿಯ ಕೊರತೆಯ ಜೊತೆಗೆ, ಹಡಗಿನ ಹಿಡಿತ ಯಾವ ಪರದೆಯಲ್ಲಿದೆ ಎಂಬ ಗೊಂದಲವೂ ತನಿಖೆಯಲ್ಲಿ ಬಯಲಾಯಿತು. 2019ರಲ್ಲಿ ಆ ನೌಕಾಪಡೆ ಅಂಥ ಹಡಗುಗಳಿಗೆ ಮತ್ತೆ ಕೈಯಿಂದ ತಳ್ಳುವ ಹಿಡಿಕೆಗಳನ್ನು ಕೂಡಿಸಲು ತೀರ್ಮಾನಿಸಿತು. ಯೂರೋಪಿನಲ್ಲಿ ಕಾರುಗಳ ಸುರಕ್ಷತೆಗೆ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ತನ್ನ ನಿಯಮ ಬದಲಿಸಿದೆ. ಇಂಡಿಕೇಟರ್, ಅಪಾಯದ ದೀಪ, ಹಾರ್ನ್, ವೈಪರ್, ತುರ್ತು ಕರೆ, ಈ ಐದಕ್ಕೆ ಕೈಗೆ ಸಿಗುವ ಗುಂಡಿ ಅಥವಾ ಕಡ್ಡಿ ಇಲ್ಲದಿದ್ದರೆ ಅಂಕ ಕಡಿತ.

ರಾಮಥಾಳದಲ್ಲಿ ಗೆಳೆಯನಿಗೆ ಇದನ್ನೆಲ್ಲ ಹೇಳಿದಾಗ ಅವನು ನಕ್ಕ. “ಲೇ ದೋಸ್ತ, ನಿಂದು ಒಂದ ಗಾಡಿ. ನಮ್ಮೂರ ಹೊಲಾನ ಪರದ್ಯಾಗ ಅದಾವ.” ಅವನು ಹೇಳಿದ್ದು ನಿಜ. ರಾಮಥಾಳದ ಹೆಸರು ಹೊರಗೆ ಗೊತ್ತಾದದ್ದೇ ಇಲ್ಲಿನ ಹನಿ ನೀರಾವರಿಯಿಂದ. ಕೃಷ್ಣಾ ಭಾಗ್ಯ ಜಲ ನಿಗಮದ ರಾಮಥಾಳ-ಮರೋಳ ಯೋಜನೆಯಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ 24,000 ಹೆಕ್ಟೇರಿಗೆ, ಎಂದರೆ ಸುಮಾರು ಅರವತ್ತು ಸಾವಿರ ಎಕರೆಗೆ, ಕೊಳವೆಯಲ್ಲಿ ಹನಿಹನಿಯಾಗಿ ಕೊಡುವ ಲೆಕ್ಕ ಹಾಕಿದರು. ಅದಕ್ಕಿಟ್ಟ ನೀರು 2.77 ಟಿಎಂಸಿ. ಕಾಲುವೆಯಲ್ಲಿ ಹರಿಸಿದ್ದರೆ ಅಷ್ಟು ನೀರು ಅಷ್ಟು ಭೂಮಿಗೆ ಸಾಲುತ್ತಿರಲಿಲ್ಲ. ವಾಲ್ವುಗಳನ್ನು ದೂರದ ಕೋಣೆಯಲ್ಲಿ ಕುಳಿತು ಕಂಪ್ಯೂಟರಿನಿಂದ ತೆರೆದು ಮುಚ್ಚುವ ವ್ಯವಸ್ಥೆ ಅದು. ಮಳೆ ನಂಬಿ ತೊಗರಿ, ಕಡಲೆ, ಬಿಳಿಜೋಳ ಬೆಳೆಯುವ ಎರೆನೆಲಕ್ಕೆ ಇದು ಸಣ್ಣ ಮಾತಲ್ಲ.

“ಪರದೆ ಬ್ಯಾಡ ಅನ್ನಂಗಿಲ್ಲ ನಾನು,” ಎಂದ ಗೆಳೆಯ. “ರಾತ್ರಿ ಹಾವು ತುಳಕೋತ ಹೋಗಿ ನೀರು ತಿರುವೋದು ಯಾರಿಗೆ ಬೇಕಾಗೈತಿ? ಆದ್ರ ಪರದ್ಯಾಗ ವಾಲ್ವ್ ತೆರೆದೈತಿ ಅಂತ ತೋರಿಸಿದ್ರ ಮುಗೀಲಿಲ್ಲ. ನಡುವ ಇಲಿ ಕೊಳವಿ ಕಡದಿದ್ರ? ಹನಿ ಬಿದ್ದದ್ದು ಬೇರಿಗೆ ಗೊತ್ತಾಗಬೇಕು. ಅದನ್ನ ನೋಡಾಕ ನಾನ ಹೊಲಕ್ಕ ಬರಬೇಕು, ಮಣ್ಣು ಹಿಚುಕಿ ನೋಡಬೇಕು.”

ಅವನ ಮಾತು ಕೇಳುತ್ತ ನನಗೆ ನಮ್ಮೂರಿನ ಮಗ್ಗಗಳು ನೆನಪಾದವು. ಇಳಕಲ್ ಸೀರೆಯ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕಣ್ಣು ಮಂಜಾದ ಮುದುಕಿಯರೂ ಆ ಕೆಲಸ ಮಾಡುವುದನ್ನು ಕಂಡಿದ್ದೇನೆ. ಎಳೆ ಬಿಗಿಯಾಯಿತೋ ಸಡಿಲಾಯಿತೋ ಬೆರಳೇ ಹೇಳುತ್ತದೆ. ಕುಣಿಮಗ್ಗದಲ್ಲಿ ಕೂತ ನೇಕಾರ ತನ್ನ ಕಾಲು ಎಲ್ಲಿದೆಯೆಂದು ಬಗ್ಗಿ ನೋಡುವುದಿಲ್ಲ. ಕೈಕಾಲು ತಮ್ಮ ಕೆಲಸ ತಾವು ಮಾಡಿಕೊಂಡಾಗಲೇ ಕಣ್ಣು ಬಟ್ಟೆಯ ಮೇಲಿರಲು ಸಾಧ್ಯ. ಗಾಡಿಯೂ ಹಾಗೆಯೇ. ಕಣ್ಣನ್ನು ರಸ್ತೆಗೆ ಬಿಟ್ಟುಕೊಡುವ ಯಂತ್ರ ಒಳ್ಳೆಯ ಯಂತ್ರ, ಕಣ್ಣನ್ನು ತನ್ನ ಕಡೆ ಎಳೆದುಕೊಳ್ಳುವುದು ಎಷ್ಟೇ ಹೊಳೆದರೂ ಒಳ್ಳೆಯದಲ್ಲ.

ಹಾಗೆಂದು ಹೊಸದನ್ನು ಹಳಿಯುತ್ತ ಕೂಡುವುದೂ ನ್ಯಾಯವಲ್ಲ. ಅಂದು ಹೊಲದ ದಾರಿಯಿಂದ ಗಾಡಿ ಹಿಂದೆ ತೆಗೆಯುವಾಗ ಪರದೆಯಲ್ಲಿ ಹಿಂದಿನ ಚಿತ್ರ ಮೂಡಿತು. ಗೆಳೆಯನ ಮೊಮ್ಮಗಳು ಗಾಲಿಯ ಹಿಂದೆ ಕೂತು ಕೆಸರಿನಲ್ಲಿ ಆಡುತ್ತಿದ್ದಳು. ಕನ್ನಡಿಯಲ್ಲಿ ಕಾಣದಷ್ಟು ಕೆಳಗೆ. ನಾನು ನಿಲ್ಲಿಸಿದೆ, ಗೆಳೆಯ ಓಡಿ ಹೋಗಿ ಎತ್ತಿಕೊಂಡ. ಮಾಮು ಬಹಳ ಹೊತ್ತು ಆ ಪರದೆಯನ್ನೇ ನೋಡಿದರು. “ಲಾರಿ ರಿವರ್ಸ್ ತಗೊಳ್ಳುವಾಗ ಕ್ಲೀನರ್ ಹುಡುಗ ಹಿಂದ ನಿಂತು ‘ಬರ್ರಿ, ಬರ್ರಿ’ ಅಂತ ಬಾಡಿ ಬಡೀತಿದ್ದ. ಗೋಡಿಗೂ ಲಾರಿಗೂ ನಡುವ ಸಿಕ್ಕೊಂಡ ಹುಡುಗ್ರನ್ನ ಕಂಡೀನಿ. ಇದು ಆಗ ಇದ್ದಿದ್ರ ಚಲೋ ಇತ್ತು ಬೇಟಾ,” ಎಂದರು. ತಮ್ಮ ಬೆರಳನ್ನು ಒಲ್ಲೆನೆಂದ ಪರದೆಗೆ ಅವರು ಕೊಟ್ಟ ಸರ್ಟಿಫಿಕೇಟು ಅದು. ಅಷ್ಟು ದೊಡ್ಡ ಮನಸ್ಸು ಪರದೆ ಮಾಡುವವರಿಗೂ ಬರಲಿ.

ಈಗ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಎಸಿ, ನಕ್ಷೆ, ಹಾಡು ಎಲ್ಲವನ್ನೂ ಗಾಡಿ ಹೊರಡುವ ಮುಂಚೆಯೇ ಹೊಂದಿಸುತ್ತೇನೆ. ದಾರಿಯಲ್ಲಿ ಬದಲಿಸಬೇಕಾದರೆ ಪಕ್ಕದಲ್ಲಿ ಕೂತವರು ಬದಲಿಸಬೇಕು, ಯಾರೂ ಇಲ್ಲದಿದ್ದರೆ ಗಾಡಿ ನಿಲ್ಲಬೇಕು. ಹೊಸ ಕಾರು ಕೊಳ್ಳುವ ಗೆಳೆಯರಿಗೆ ಹೇಳುವುದೂ ಇಷ್ಟೇ. ಪರದೆಯ ಇಂಚು ಕೇಳಬೇಡಿ. ಕಣ್ಣು ಮುಚ್ಚಿ ಕೂತು ವೈಪರ್, ದೀಪ, ಗಾಜಿನ ಮಬ್ಬು ತೆಗೆಯುವ ಗಾಳಿ, ಸದ್ದು ಇಳಿಸುವುದು ಕೈಗೆ ಸಿಗುತ್ತವೆಯೇ ನೋಡಿ. ಮನೆಯ ಹಿರಿಯರನ್ನು ಕರೆದೊಯ್ದು ಅವರ ಬೆರಳಿಂದ ಮುಟ್ಟಿಸಿ ನೋಡಿ. ನಮ್ಮಲ್ಲಿ 2023ರಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಕೂಡ ಗುಂಡಿಗಳ ವಿಷಯವನ್ನು ತನ್ನ ನಕ್ಷತ್ರಗಳ ಲೆಕ್ಕಕ್ಕೆ ತೆಗೆದುಕೊಳ್ಳಲಿ. ಕೊಳ್ಳುವವರು ಕೇಳದಿದ್ದರೆ ಮಾರುವವರು ಕೊಡುವುದಿಲ್ಲ.

ಮಗಳು ಸೆಟ್ಟಿಂಗ್ಸ್‌ನಲ್ಲಿ ತಡಕಾಡಿ, ಗಾಜಿನ ಮಬ್ಬು ತೆಗೆಯುವ ಚಿತ್ರವನ್ನು ಪರದೆಯ ಕೆಳಸಾಲಿಗೆ ತಂದು ಕೂಡಿಸಿಕೊಟ್ಟಳು. ಅದು ಎಲ್ಲಿದೆಯೆಂದು ನೋಡದೆ ತಿಳಿಯುವುದು ಹೇಗೆ ಎಂಬುದಕ್ಕೆ ಉಪಾಯ ಹುಡುಕಿದವಳು ನನ್ನ ಹೆಂಡತಿ. ಹೊಲಿಗೆ ಡಬ್ಬಿಯಿಂದ ನನ್ನ ಹಳೆಯ ಅಂಗಿಯ ಒಂದು ಗುಂಡಿ ತೆಗೆದು, ಆ ಚಿತ್ರದ ನೇರ ಕೆಳಗೆ, ಪರದೆಯ ಅಂಚಿನ ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಸಿದಳು. ಹೆಬ್ಬೆರಳು ಅದಕ್ಕೆ ತಗುಲಿದರೆ ಸಾಕು, ತೋರುಬೆರಳು ಚಿತ್ರದ ಮೇಲೆ ತಾನೇ ಬೀಳುತ್ತದೆ. ಕಣ್ಣು ರಸ್ತೆಯ ಮೇಲೆಯೇ ಉಳಿಯುತ್ತದೆ. ಅಂಗಡಿಯ ಹುಡುಗ ಸರ್ವಿಸಿಗೆ ಬಿಟ್ಟಾಗ ಅದನ್ನು ಕಂಡು, “ಇದೇನ್ರಿ ಸರ್?” ಎಂದು ಕೇಳಿದ. ನಿಮ್ಮ ಕಂಪನಿಯವರು ಕೂಡಿಸಲು ಮರೆತದ್ದು ಎಂದೆ.